ಸೊನ್ನೆ ಟಿಕೆಟ್ಟು

ಲೋಹ ಏನಾದರೂ ಇದೆಯಾ ಮೈಮೇಲೆ, ಅಂದಳು.
ಕಾಲುಂಗುರ, ತಾಳಿ, ಎರಡು ಹೇರ್‌ಪಿನ್ನು,
ಎದೆ ಜೇಬಿನ ವಿಷಲ್ಲು,
ಎಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿಗೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಚಿಲ್ಲರೆ ಚೀಲವಿಲ್ಲದ ಹೆಗಲು.

ಹೊಸೂರು ರಸ್ತೆಯ ಈ ಗೇಟಿನ ಮುಂದೆ
ದಿನಕ್ಕೆ ಆರು ಸಲ ಕೂಗಿದವಳು ನಾನು:
ಯಾರ್ರೀ ಆಸ್ಪತ್ರೆ, ಇಳ್ಕೊಳ್ಳಿ, ಬೇಗ ಇಳ್ಕೊಳ್ಳಿ.
ಇವತ್ತು ನಾನೇ ಇಳಿದೆ.

ಕಾಯಿಲೆ ನನಗಲ್ಲ, ತಮ್ಮ ಮುನಿಚಂದ್ರನಿಗೆ.
ಹತ್ತೊಂಬತ್ತಕ್ಕೆ ಶುರುವಾಯಿತು:
ಆರಿಸಿಟ್ಟ ರೇಡಿಯೋ ಅವನ ಹೆಸರು ಹಿಡಿದು ಕರೆಯಿತು.
ಅದಕ್ಕೂ ಎಷ್ಟೋ ಮೊದಲೇ
ಅನ್ನಕ್ಕೆ ಕೈ ಇಡುವ ಮುನ್ನ ತಟ್ಟೆಯನ್ನು
ಮೂರು ಸಲ ತಿರುಗಿಸುತ್ತಿದ್ದ.
ಸ್ಟೇರಿಂಗು ನೋಡೇ, ಡ್ರೈವರ್ ಆಗ್ತಾನೆ, ಅಂದಿದ್ದಳು ಅಮ್ಮ.
ನಕ್ಕಿದ್ದೆವು.

ಸುಮೈಯಾ ಅಂತ ಹುಡುಗಿ, ಪಿಎಚ್‌ಡಿ ಮಾಡ್ತಾಳಂತೆ,
ಪಕ್ಕದಲ್ಲೇ ಕೂತು ಫಾರಂ ಓದಿ ಹೇಳಿದಳು:
ನಿಮ್ಮ ಹಾಗೆ ಒಡಹುಟ್ಟಿದವರ ಮಿದುಳಿನ ಚಿತ್ರ
ನಾನೂರ ಹನ್ನೆರಡು ಸೇರಿವೆ, ಅಕ್ಕ.
ಕಂಪ್ಯೂಟರು ನೋಡಿ ನೋಡಿ ಕಲಿಯುತ್ತೆ,
ಯಾರ ತಲೆಯಲ್ಲಿ ಯಾವ ಮಡಿಕೆ ತೆಳು,
ಯಾವ ದಾರಿಯಲ್ಲಿ ಓಡಾಟ ಕಮ್ಮಿ,
ಮುಂದೆ ಯಾವತ್ತಾದರೂ ಕಾಯಿಲೆ ಬರೋ ಮೊದಲೇ...
ಅಲ್ಲಿಗೆ ನಿಲ್ಲಿಸಿ ಪೆನ್ನು ಕೊಟ್ಟಳು.

ನೋಡಿ ನೋಡಿ ಕಲಿಯೋದು ನನಗೂ ಗೊತ್ತು, ತಾಯಿ.
ಹಿಂದಿನ ಬಾಗಿಲಲ್ಲಿ ಹತ್ತಿದವನ ಕುತ್ತಿಗೆ ನೋಡಿದರೆ ಸಾಕು,
ಟಿಕೆಟ್ ತಗೊಳ್ಳೋನಾ, ಕಿಟಕಿ ಕಡೆ ತಿರುಗೋನಾ.
ನೂರಕ್ಕೆ ಎಂಬತ್ತು ಸರಿ ಹೇಳ್ತೀನಿ.
ಒಂದು ಮಧ್ಯಾಹ್ನ, ಲಕ್ಕಸಂದ್ರದ ಹತ್ತಿರ,
ಬಿಸಿಲಲ್ಲೂ ಕೋಟು ಹಾಕಿದ ಮುದುಕ. ಬೆವರುತ್ತಿದ್ದ.
ಕೇಳಿದ್ದಕ್ಕೆ ತಡವರಿಸಿದ.
ಬಸ್ಸು ನಿಲ್ಲಿಸಿ ಎಲ್ಲರೆದುರು ಇಳಿಸಿದೆ.
ಬಾಗಿಲು ಮುಚ್ಚಿಕೊಂಡ ಮೇಲೆ ಕಂಡಿತು,
ಗಾಜಿನಾಚೆ, ಎತ್ತಿ ಹಿಡಿದ ಕೈಯಲ್ಲಿ
ಮಡಿಸಿ ಮಡಿಸಿ ಮೆತ್ತಗಾದ ತಿಂಗಳ ಪಾಸು.

ನಿಮ್ಮ ಕಂಪ್ಯೂಟರು ತಪ್ಪುತ್ತಾ?
ತಪ್ಪುತ್ತೆ, ಅಂದಳು. ಮುಚ್ಚಿಡಲಿಲ್ಲ.
ಆ ತಪ್ಪಿದವರನ್ನ ಯಾವ ಸ್ಟಾಪಲ್ಲಿ ಇಳಿಸ್ತೀರಿ?
ಫಾರಮ್ಮಿನ ಮೂಲೆ ನೀವುತ್ತ ಕೂತಳು.
ಅದಕ್ಕೇ ಯಾರಿಗೂ ಏನೂ ಹೇಳಲ್ಲ ಅಕ್ಕ, ಇನ್ನೂ.

ಮಲಗಿದೆ. ಅಲುಗಾಡಬೇಡಿ, ಅಂದಿತು ಸ್ಪೀಕರು.
ಅಲುಗಾಡದೆ ಕಳೆದ ದಿನ ಯಾವುದಿತ್ತು ನನಗೆ?
ಡಬಡಬ ಡಬಡಬ, ತಲೆಯ ಪಕ್ಕದಲ್ಲೇ ಯಾರೋ ತಗಡು ಬಡಿದ ಹಾಗೆ,
ಡೈರಿ ಸರ್ಕಲ್ಲಿನ ಗುಂಡಿಗಳೆಲ್ಲ ಒಟ್ಟಿಗೆ ಬಂದ ಹಾಗೆ.
ಏನೂ ಯೋಚಿಸಬೇಡಿ ಅಂದಿದ್ದಳು.
ತಟ್ಟೆ ನೆನಪಾಯಿತು.
ಅದೂ ಚಿತ್ರದಲ್ಲಿ ಬಿತ್ತೋ ಏನೋ.

ಹೊರಗೆ ಬಂದರೆ ಪರದೆಯ ಮೇಲೆ ನನ್ನ ತಲೆ,
ಅಡ್ಡ ಕೊಯ್ದ ಎಲೆಕೋಸು, ಬೂದು ಬಣ್ಣ.
ಇದರಲ್ಲಿ ನಮ್ಮಮ್ಮನ ಬೈಗುಳ ಎಲ್ಲಿದೆ, ಅಂದೆ. ನಕ್ಕಳು.
ಆಮೇಲೆ ಮೆಲ್ಲಗೆ,
ಮನೇಲಿ ಹದಿನೈದು ದಾಟಿದ ಮಕ್ಕಳಿದ್ದರೆ...

ಇದ್ದಾಳೆ. ಇಂಚರ.
ಟೆರೇಸಿನಲ್ಲಿ ಒಬ್ಬಳೇ ಮಾತಾಡುತ್ತಾಳೆ,
ಚರ್ಚಾಸ್ಪರ್ಧೆಗಂತೆ.
ಮೊನ್ನೆವರೆಗೂ ಚರ್ಚಾಸ್ಪರ್ಧೆಯೇ ಆಗಿತ್ತು ಅದು.
ನಿನ್ನೆ ಮೆಟ್ಟಿಲ ಮೇಲೆ ಉಸಿರು ಹಿಡಿದು ನಿಂತೆ,
ಯಾರಿಗೆ ಉತ್ತರ ಕೊಡ್ತಿದ್ದಾಳೆ ಅಂತ.

ಸಂಜೆ ಪಾಳಿ. ಹೆಂಗಸರಿಗೆ ಕಾಸಿಲ್ಲ,
ಆದರೂ ಟಿಕೆಟ್ ಹರಿದು ಕೊಡಲೇಬೇಕು.
ಕಾಸಿಲ್ಲ ಅಂದ್ಮೇಲೆ ಈ ಚೀಟಿ ಯಾಕವ್ವ, ಅಂದಿತು ಒಂದಜ್ಜಿ.
ಸೊನ್ನೆ ಅಂತ ಬರೆದು ಕೊಡೋರು ಬೇಕಲ್ಲಜ್ಜಿ.
ಅಜ್ಜಿ ಅದನ್ನು ಎಲೆಅಡಿಕೆ ಸಂಚಿಯಲ್ಲಿ ಜೋಪಾನ ಇಟ್ಟುಕೊಂಡಿತು.

ರಾತ್ರಿ ಊಟಕ್ಕೆ ಮೂವರೂ.
ಮುನಿಚಂದ್ರ ಮಾತ್ರೆ ನುಂಗಿ, ತಟ್ಟೆ ತಿರುಗಿಸಿದ.
ಇವತ್ತು ಎರಡೇ ಸಲ.
ಇಂಚರ, ಮಾಮನನ್ನು ಅಣಕಿಸುತ್ತ, ಅವನ ಭುಜಕ್ಕೆ ಭುಜ ತಾಕಿಸಿ,
ತನ್ನದನ್ನೂ ತಿರುಗಿಸಿದಳು.
ಇಬ್ಬರೂ ನಕ್ಕರು.

ನಾನು ಎಣಿಸುತ್ತಿದ್ದೆ.